ಒಂದು ಹಲ್ಲು ಕಡಿಮೆ ಇರುವ ಚಕ್ರ

ಒಂದು ಹಲ್ಲು ಬಿದ್ದುಹೋಗಿದೆ. ಈ ಕಾರ್ಟೂನಿನ ಜೀವ ಇರುವುದೇ ಬಿದ್ದುಹೋದ ಆ ಹಲ್ಲಿನ ಜಾಗದಲ್ಲಿ.

ಬಾಯಿಯ ಹಲ್ಲಲ್ಲ, ಮರದ ಚಕ್ರದ ಹಲ್ಲು. ಒಂದು ಪಾಳು ಗಾಳಿ ಗಿರಣಿ. ಹಿಂದೆ ಯಾವಾಗಲೋ ಕಾಳು ಬೀಸಿರಬೇಕು. ಈಗ ತಿರುಗದ ಹಾಗೆ ಹಗ್ಗ ಬಿಗಿದು ಬಿಟ್ಟಿದ್ದಾರೆ. ಒಳಗೆ ದೊಡ್ಡ ದೊಡ್ಡ ಚಕ್ರಗಳಿವೆ. ಒಂದರ ಹಲ್ಲು ಇನ್ನೊಂದರ ಗುಳಿಯೊಳಗೆ ಇಳಿದು ಏಳಬೇಕು, ಆಗ ಗಿರಣಿ ಓಡುತ್ತದೆ. ಹೇಗೂ ಓಡುತ್ತಿಲ್ಲವಲ್ಲ ಅಂತ ನೀಲಿ ಹಕ್ಕಿಯ ಜೋಡಿಯೊಂದು ಅಂಥ ಒಂದು ಗುಳಿಯಲ್ಲಿ ಗೂಡು ಕಟ್ಟಿ ಮೊಟ್ಟೆ ಇಟ್ಟಿದೆ. ರಾತ್ರಿ ಬಿರುಗಾಳಿ ಬರುತ್ತದೆ. ಹಗ್ಗ ಹರಿಯುತ್ತದೆ. ಚಕ್ರ ತಿರುಗತೊಡಗುತ್ತದೆ. ಒಂದೊಂದೇ ಹಲ್ಲು ಒಂದೊಂದೇ ಗುಳಿಗೆ ಇಳಿಯುತ್ತಾ ಗೂಡಿನ ಕಡೆಗೆ ಬರುತ್ತದೆ. ತಾಯಿ ಹಕ್ಕಿ ಹಾರುವುದಿಲ್ಲ. ಮೊಟ್ಟೆಯ ಮೇಲೆ ಮೈ ಹರಡಿ ಕೂತುಬಿಡುತ್ತದೆ.

ಆ ಗುಳಿಗೆ ಇಳಿಯಬೇಕಾದ ಹಲ್ಲು ಮಾತ್ರ ಮುರಿದು ಹೋಗಿದೆ.

ಇದು ವಾಲ್ಟ್ ಡಿಸ್ನಿ ಸ್ಟುಡಿಯೋದ 'ದಿ ಓಲ್ಡ್ ಮಿಲ್'. ತೆರೆಗೆ ಬಂದದ್ದು 1937ರ ನವೆಂಬರಿನಲ್ಲಿ. ಉದ್ದ ಸುಮಾರು 9 ನಿಮಿಷ. ನಿರ್ದೇಶಕ ವಿಲ್ಫ್ರೆಡ್ ಜಾಕ್ಸನ್, ಸಂಗೀತ ಲೀ ಹಾರ್ಲೈನ್. ಮಿಕ್ಕಿ ಇಲ್ಲ, ಡೊನಾಲ್ಡ್ ಇಲ್ಲ. ಯಾರೂ ಮಾತಾಡುವುದಿಲ್ಲ. ನಾಯಕ ಅಂತ ಒಬ್ಬ ಇಲ್ಲ, ಖಳ ಅಂತಲೂ ಇಲ್ಲ. ಇಲಿ, ಗೂಬೆ, ಬಾವಲಿ, ಪಾರಿವಾಳ, ಕಪ್ಪೆ, ನೀಲಿ ಹಕ್ಕಿ. ಒಂದು ಸಂಜೆ, ಒಂದು ರಾತ್ರಿ, ಒಂದು ಬೆಳಗ್ಗೆ. ಅಷ್ಟೇ.

ನನ್ನ ತಂಗಿಯ ಮಗಳಿಗೆ ಇದನ್ನು ತೋರಿಸಿದಾಗ ಎರಡು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ, "ಮಾಮಾ, ಇವು ಯಾವಾಗ ಮಾತಾಡ್ತವೆ?" ಅಂದಳು. ಏಳು ವರ್ಷದ ಹುಡುಗಿ. ಅವಳು ನೋಡಿರುವ ಕಾರ್ಟೂನುಗಳಲ್ಲಿ ಬಸ್ಸು, ರೈಲು, ಟೂತ್‌ಬ್ರಷ್ಷೂ ಮಾತಾಡುತ್ತವೆ. ಮಾತಾಡಲ್ಲ ಕಣೇ, ಸುಮ್ನೆ ನೋಡು ಅಂದೆ. ಚಕ್ರ ತಿರುಗುವ ಹೊತ್ತಿಗೆ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

ಮಾತಿಲ್ಲದೆ, ಹೆಸರಿಲ್ಲದ ಒಂದು ಹಕ್ಕಿಗಾಗಿ ನಮ್ಮ ಎದೆ ಹೊಡೆದುಕೊಳ್ಳುವ ಹಾಗೆ ಅವರು ಏನು ಮಾಡಿದರು? ಅದನ್ನು ಬಿಡಿಸಿ ನೋಡಲು ಹೋದರೆ ಎರಡಾಳು ಎತ್ತರದ ಒಂದು ಯಂತ್ರದ ಹತ್ತಿರ ಹೋಗಿ ನಿಲ್ಲುತ್ತೇವೆ. ಅದಕ್ಕೂ ಮೊದಲು ರಾತ್ರಿ ಬಸ್ಸಿನ ಕಿಟಕಿಯ ಹತ್ತಿರ ಸ್ವಲ್ಪ ಕೂರಬೇಕು.

ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಇದು ಗೊತ್ತು. ರಸ್ತೆ ಬದಿಯ ಮೈಲಿಗಲ್ಲು ಸರ್ರನೆ ಹಿಂದಕ್ಕೆ ಓಡುತ್ತದೆ. ಅದರಾಚೆಯ ತೆಂಗಿನ ಮರ ಸ್ವಲ್ಪ ನಿಧಾನ. ದೂರದ ಗುಡ್ಡ ಇನ್ನೂ ನಿಧಾನ, ಸರಿಯುವುದೋ ಬೇಡವೋ ಅಂತ ಯೋಚಿಸಿದ ಹಾಗೆ ಸರಿಯುತ್ತದೆ. ಚಂದ್ರ ಮಾತ್ರ ಊರು ಬಿಟ್ಟಾಗಿನಿಂದ ನಮ್ಮ ಜೊತೆಗೇ ಬರುತ್ತಿರುತ್ತಾನೆ. ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ. ಈ ವ್ಯತ್ಯಾಸ ನೋಡಿಯೇ ನಮ್ಮ ಮಿದುಳು ಯಾವುದು ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತದೆ. ಒಂದು ಕಣ್ಣು ಮುಚ್ಚಿ ಕೂತರೂ ಲೆಕ್ಕ ತಪ್ಪುವುದಿಲ್ಲ. ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ.

ಪಕ್ಕಕ್ಕೆ ಸರಿಯುವಾಗ ಮಾತ್ರ ಹೀಗೆ ಅಂತಲ್ಲ, ಮುಂದಕ್ಕೆ ನಡೆದರೂ ಇದೇ ಕಥೆ. ನಿಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಬೇಲಿ, ನೂರು ಹೆಜ್ಜೆ ದೂರದಲ್ಲಿ ಒಂದು ಮರ, ಅದರ ಮೇಲೆ ಚಂದ್ರ. ನೀವು ಐದು ಹೆಜ್ಜೆ ಮುಂದೆ ಹೋದಿರಿ. ಬೇಲಿ ಹತ್ತರಿಂದ ಐದು ಹೆಜ್ಜೆಗೆ ಬಂತು, ಹಾಗಾಗಿ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಮರ ನೂರರಿಂದ ತೊಂಬತ್ತೈದಕ್ಕೆ ಬಂತು, ದೊಡ್ಡದಾದದ್ದು ನೂರಕ್ಕೆ ಐದರಷ್ಟು ಮಾತ್ರ. ಚಂದ್ರ ಇದ್ದ ಹಾಗೇ ಇದ್ದಾನೆ.

ಈಗ ಫೋನಿನಲ್ಲಿ ಇದೇ ನೋಟದ ಒಂದು ಫೋಟೋ ತೆಗೆದು, ಎರಡು ಬೆರಳಿಟ್ಟು ಹಿಗ್ಗಿಸಿ. ಬೇಲಿ ಎರಡರಷ್ಟಾದರೆ ಮರವೂ ಎರಡರಷ್ಟು. ಚಂದ್ರನೂ ಎರಡರಷ್ಟು! ನೀವು ಒಳಗೆ ಹೋದ ಹಾಗೆ ಅನ್ನಿಸುವುದಿಲ್ಲ. ಗೋಡೆಗೆ ಅಂಟಿಸಿದ ಕ್ಯಾಲೆಂಡರಿಗೆ ಮೂಗು ತಾಗಿಸಿದ ಹಾಗೆ ಅನ್ನಿಸುತ್ತದೆ.

ಹಳೆಯ ಕಾರ್ಟೂನುಗಳ ತಾಪತ್ರಯ ಇದೇ ಆಗಿತ್ತು.

ಆಗ ಕಾರ್ಟೂನು ಮಾಡುತ್ತಿದ್ದದ್ದು ಹೀಗೆ. ಹಿನ್ನೆಲೆಯನ್ನು, ಅಂದರೆ ಮನೆ, ಮರ, ಆಕಾಶವನ್ನೆಲ್ಲ, ಕಾಗದದ ಮೇಲೆ ಒಂದು ಸಲ ಬರೆದಿಡುತ್ತಿದ್ದರು. ಅಲ್ಲಾಡುವ ಪ್ರಾಣಿಯನ್ನು ಮಾತ್ರ ಸೆಲ್ ಅನ್ನುವ ಪಾರದರ್ಶಕ ಹಾಳೆಯ ಮೇಲೆ ಮತ್ತೆ ಮತ್ತೆ ಬರೆಯುತ್ತಿದ್ದರು. ಹಿನ್ನೆಲೆಯ ಮೇಲೆ ಸೆಲ್ ಇಟ್ಟು, ಮೇಲೊಂದು ಗಾಜು ಒತ್ತಿ, ಒಂದು ಫೋಟೋ. ಸೆಲ್ ಬದಲಿಸಿ ಇನ್ನೊಂದು ಫೋಟೋ. ಸೆಕೆಂಡಿಗೆ 24 ಫ್ರೇಮು. 9 ನಿಮಿಷದ ಚಿತ್ರಕ್ಕೆ ಹದಿಮೂರು ಸಾವಿರದ ಹತ್ತಿರ ಹತ್ತಿರ ಫ್ರೇಮುಗಳು. ಅಮೆರಿಕದಲ್ಲಿ 1914ರ ಸುಮಾರಿಗೆ ಶುರುವಾದ ಈ ಉಪಾಯ ಬಹಳ ಜಾಣತನದ್ದು. ಇಲಿ ಒಂದು ಹೆಜ್ಜೆ ಇಟ್ಟರೆ ಮನೆಯನ್ನೆಲ್ಲ ಮತ್ತೆ ಬರೆಯಬೇಕಾಗಿಲ್ಲ.

ಎಡವಟ್ಟು ಎಲ್ಲಿ ಅಂದರೆ, ಹಿನ್ನೆಲೆ, ಸೆಲ್, ಗಾಜು ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ಮಧ್ಯೆ ಜಾಗವೇ ಇಲ್ಲ. ಕ್ಯಾಮೆರಾ ಹತ್ತಿರ ತಂದರೆ ಎಲ್ಲವೂ ಒಂದೇ ಅಳತೆಯಲ್ಲಿ ದೊಡ್ಡದಾಗುತ್ತದೆ, ಚಂದ್ರನೂ ಸೇರಿ. ತಮಾಷೆ ಕಾರ್ಟೂನಿಗೆ ಅದರಿಂದ ತೊಂದರೆ ಇರಲಿಲ್ಲ. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವಾಗ ಚಂದ್ರನನ್ನು ಯಾರು ನೋಡುತ್ತಾರೆ? ಆದರೆ ಡಿಸ್ನಿಯವರು ಆಗ ಒಂದೂ ಕಾಲು ಗಂಟೆಗೂ ಜಾಸ್ತಿ ಉದ್ದದ 'ಸ್ನೋ ವೈಟ್' ಮಾಡುತ್ತಿದ್ದರು. ಅಷ್ಟು ಹೊತ್ತು ಜನ ಚಪ್ಪಟೆ ಕಾಡು ನೋಡಿಕೊಂಡು ಕೂರುತ್ತಾರಾ ಅನ್ನುವ ಪ್ರಶ್ನೆ ಇತ್ತು.

ಉತ್ತರವಾಗಿ ಬಂದದ್ದು ಮಲ್ಟಿಪ್ಲೇನ್ ಕ್ಯಾಮೆರಾ. ಡಿಸ್ನಿಯಲ್ಲಿ ಇದನ್ನು ಕಟ್ಟಿಸಿದ್ದು ವಿಲಿಯಂ ಗ್ಯಾರಿಟಿ ಅನ್ನುವ ಎಂಜಿನಿಯರು. ಹೆಸರು ಕೇಳಿ ಗಾಬರಿ ಬೇಡ, ಅಡುಗೆಮನೆಯ ಪಾತ್ರೆ ಸ್ಟ್ಯಾಂಡು ನೆನಪು ಮಾಡಿಕೊಳ್ಳಿ. ಒಂದರ ಕೆಳಗೊಂದು ತಟ್ಟುಗಳು. ತಟ್ಟಿನ ಜಾಗದಲ್ಲಿ ದೊಡ್ಡ ದೊಡ್ಡ ಗಾಜು. ಹೆಚ್ಚೆಂದರೆ ಏಳು ಹಂತ. ತುತ್ತತುದಿಯಲ್ಲಿ ಕ್ಯಾಮೆರಾ, ಬಾವಿಗೆ ಬಗ್ಗಿ ನೋಡುವವರ ಹಾಗೆ ಕೆಳಮುಖವಾಗಿ. ಮೇಲಿನ ಗಾಜಿನ ಮೇಲೆ ಹತ್ತಿರದ ಜೊಂಡು ಹುಲ್ಲು, ಅದರ ಕೆಳಗಿನದರಲ್ಲಿ ಕೊಳ, ಅದರ ಕೆಳಗೆ ಗಿರಣಿ, ಎಲ್ಲಕ್ಕಿಂತ ಕೆಳಗೆ ಆಕಾಶ. ಚಿತ್ರ ಬರೆಯದೆ ಬಿಟ್ಟ ಜಾಗದಲ್ಲಿ ಗಾಜಿನ ಮೂಲಕ ಕೆಳಗಿನದು ಕಾಣುತ್ತದೆ.

ಈಗ ಬೇಲಿ ಮತ್ತು ಚಂದ್ರನ ಲೆಕ್ಕ ಇಲ್ಲಿ ಕೂರುತ್ತದೆ. ಕ್ಯಾಮೆರಾ ಮುಂದಕ್ಕೆ ಹೋದ ಹಾಗೆ ಕಾಣಬೇಕೆಂದರೆ ಜೊಂಡಿನ ಗಾಜನ್ನು ಕ್ಯಾಮೆರಾ ಕಡೆಗೆ ಜಾಸ್ತಿ ಏರಿಸಬೇಕು, ಗಿರಣಿಯದನ್ನು ಸ್ವಲ್ಪ ಏರಿಸಬೇಕು, ಆಕಾಶವನ್ನು ಮುಟ್ಟಲೇಬಾರದು. ಪಕ್ಕಕ್ಕೆ ಸರಿಯಬೇಕೆಂದರೆ ಮೇಲಿನದನ್ನು ಜಾಸ್ತಿ, ಕೆಳಗಿನದನ್ನು ಕಡಿಮೆ ಸರಿಸಬೇಕು. ಪ್ರತಿ ಫ್ರೇಮಿಗೂ ಯಾವ ಹಂತ ಎಷ್ಟು ಸರಿಯಬೇಕು ಅಂತ ಮೊದಲೇ ಲೆಕ್ಕ ಹಾಕಿ ಬರೆದಿಟ್ಟಿರುತ್ತಾರೆ. ಒಂದೊಂದು ಹಂತಕ್ಕೆ ಆಳು ನಿಂತು, ಹಿಡಿಕೆ ತಿರುಗಿಸಿ, ಕೂದಲೆಳೆಯಷ್ಟು ಸರಿಸುತ್ತಾರೆ. ಕ್ಲಿಕ್. ಮತ್ತೆ ಕೂದಲೆಳೆಯಷ್ಟು. ಮತ್ತೆ ಕ್ಲಿಕ್. ಒಂದು ಸೆಕೆಂಡಿನ ದೃಶ್ಯಕ್ಕೆ 24 ಸಲ.

ಕೇಳಲು ಸುಲಭ. ಮಾಡಲು ಪ್ರಾಣ ಹೋಗುತ್ತದೆ. ಮೇಲಿನ ಗಾಜುಗಳು ಬೆಳಕು ತಡೆಯುವುದರಿಂದ ಕೆಳಗಿನ ಹಂತಗಳು ಕಪ್ಪಗಾಗುತ್ತವೆ. ಹಾಗಾಗಿ ಪ್ರತಿ ಹಂತಕ್ಕೂ ಬೇರೆ ಬೇರೆ ದೀಪ ಬೇಕು. ದೀಪ ಹಾಕಿದರೆ ಗಾಜು ಹೊಳೆಯುತ್ತದೆ, ಬಿಸಿಯೂ ಆಗುತ್ತದೆ. ನೀರಿನ ಬಣ್ಣ ಗಾಜಿಗೆ ಹಿಡಿಯುವುದಿಲ್ಲ, ಎಣ್ಣೆ ಬಣ್ಣ ಬೇಕು. ಯಾವುದಾದರೂ ಒಂದು ಗಾಜಿನ ಮೇಲೆ ದೂಳಿನ ಕಣ ಕೂತರೆ ಅದೂ ಚಿತ್ರದಲ್ಲಿ ಪಾತ್ರಧಾರಿ. ಒಬ್ಬ ಒಂದು ಸಲ ಹಿಡಿಕೆ ತಪ್ಪಾಗಿ ತಿರುಗಿಸಿದನೋ, ಅಲ್ಲಿವರೆಗಿನ ಕೆಲಸ ನೀರುಪಾಲು. ಕ್ರೇನಿನ ಮೇಲೆ ಕ್ಯಾಮೆರಾ ಇಟ್ಟು ಹತ್ತು ಸೆಕೆಂಡು ತೆಗೆಯುವ ನಿಜದ ಸಿನಿಮಾದವರಿಗೆ ಈ ಗೋಳು ಅರ್ಥವೇ ಆಗಲಿಕ್ಕಿಲ್ಲ.

ಪದರ ಪದರವಾಗಿ ಗಾಜು ಜೋಡಿಸುವ ಯೋಚನೆ ಡಿಸ್ನಿಯದ್ದೇ ಅಂತ ಎಷ್ಟೋ ಕಡೆ ಬರೆಯುತ್ತಾರೆ. ಹಾಗಲ್ಲ. ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಅನ್ನುವ ಹೆಣ್ಣುಮಗಳು ಕತ್ತರಿಯಲ್ಲಿ ಕಪ್ಪು ಕಾಗದ ಕತ್ತರಿಸಿ ನೆರಳುಚಿತ್ರ ಮಾಡುತ್ತಿದ್ದರು. 1926ರ ಅವರ 'ಪ್ರಿನ್ಸ್ ಅಹ್ಮದ್' ಚಿತ್ರಕ್ಕೇ ಗಾಜಿನ ಪದರಗಳನ್ನು ಬಳಸಿದ್ದರು. ಮಿಕ್ಕಿಯ ರೂಪ ಬರೆದ ಅಬ್ ಐವರ್ಕ್ಸ್ ಕೂಡ ಡಿಸ್ನಿಯನ್ನು ಬಿಟ್ಟು ಹೊರಗಿದ್ದ ವರ್ಷಗಳಲ್ಲಿ ಹಳೆ ಕಾರಿನ ಬಿಡಿಭಾಗ ಸೇರಿಸಿ ಇಂಥದ್ದೇ ಒಂದನ್ನು ಮಾಡಿಕೊಂಡಿದ್ದರು. ಡಿಸ್ನಿಯವರು ಮಾಡಿದ್ದು ಅದನ್ನೇ ದೊಡ್ಡದಾಗಿ, ದುಡ್ಡು ಸುರಿದು, ಹೆಚ್ಚು ಕರಾರುವಾಕ್ಕಾಗಿ. ಹಾಗೆ ಮಾಡಿದ ಮೇಲೆ ಎತ್ತಿಕೊಂಡು ಹೋಗಿ ದೊಡ್ಡ ಚಿತ್ರಕ್ಕೆ ಇಳಿಸುವ ಮೊದಲು ಒಂದು ಚಿಕ್ಕ ಚಿತ್ರದಲ್ಲಿ ಪರೀಕ್ಷೆ ಮಾಡಿ ನೋಡಿದರು. ಆ ಚಿಕ್ಕ ಚಿತ್ರವೇ ನಮ್ಮ ಗಿರಣಿ.

ಈಗ ಮತ್ತೆ ಮೊದಲ ಶಾಟಿಗೆ ಹೋಗೋಣ. ಕಣ್ಣೆದುರಿಗೆ ಒಂದು ಜೇಡರ ಬಲೆ. ಇಳಿಬಿಸಿಲಿಗೆ ಎಳೆಗಳು ಮಿರುಗುತ್ತಿವೆ. ಬಲೆಯ ಆಚೆ, ಕೊಳದ ಆಚೆ, ದೂರದಲ್ಲಿ ಗಿರಣಿ. ನಾವು ನಿಧಾನವಾಗಿ ಮುಂದಕ್ಕೆ ಹೋಗುತ್ತೇವೆ. ಬಲೆ ಮಸುಕಾಗಿ ಪಕ್ಕಕ್ಕೆ ಸರಿಯುತ್ತದೆ. ಬಲೆಯನ್ನೂ ಹರಿಯದೆ ಅದರೊಳಗಿಂದ ತೂರಿಕೊಂಡು ಹೋದ ಹಾಗೆ ಅನ್ನಿಸುತ್ತದೆ. ಆ ಮಸುಕು ಕೂಡ ಮಲ್ಟಿಪ್ಲೇನಿನ ಕೊಡುಗೆಯೇ. ಗಾಜುಗಳ ಮಧ್ಯೆ ನಿಜವಾದ ಅಂತರ ಇರುವುದರಿಂದ ಲೆನ್ಸು ಒಂದನ್ನು ಸ್ಪಷ್ಟವಾಗಿ ಹಿಡಿದರೆ ಇನ್ನೊಂದು ತಾನಾಗೇ ಮಂಜಾಗುತ್ತದೆ. ಕಣ್ಣಮುಂದೆ ಬೆರಳಿಟ್ಟುಕೊಂಡು ದೂರ ನೋಡಿದರೆ ಬೆರಳು ಮಂಜಾಗುತ್ತಲ್ಲ, ಹಾಗೆ. ಈ ಮಸುಕನ್ನು ಯಾರೂ ಕೈಯಲ್ಲಿ ಬರೆದಿಲ್ಲ.

ಹಸುಗಳು ಮನೆ ಕಡೆ ಹೊರಟಿವೆ. ಬಾತುಗಳು ಕೊಳದಿಂದ ಸಾಲಾಗಿ ಎದ್ದು ಹೋಗುತ್ತವೆ. ಆಮೇಲೆ ಗಿರಣಿಯ ಒಳಗೆ. ಕೆಳಗಿನಿಂದ ಮೇಲಕ್ಕೆ, ವಠಾರದ ಮೆಟ್ಟಿಲು ಹತ್ತಿ ಒಂದೊಂದು ಮನೆಯ ಬಾಗಿಲಲ್ಲಿ ಇಣುಕಿದ ಹಾಗೆ. ನೀಲಿ ಹಕ್ಕಿಗಳ ಸಂಸಾರ, ಇಲಿಗಳು, ಕುತ್ತಿಗೆಗೆ ಕುತ್ತಿಗೆ ತಾಗಿಸಿ ಕೂತ ಪಾರಿವಾಳದ ಜೋಡಿ, ಮುಖ ಗಂಟಿಕ್ಕಿಕೊಂಡ ಒಂದು ಗೂಬೆ, ತೊಲೆಗೆ ತಲೆಕೆಳಗಾಗಿ ನೇತು ಬಿದ್ದ ಬಾವಲಿಗಳು. ಕತ್ತಲಾಗುತ್ತಿದ್ದ ಹಾಗೆ ಬಾವಲಿಗಳು ಎದ್ದು ಒಂದರ ಹಿಂದೊಂದು ಹೊರಗೆ ಹಾರುತ್ತವೆ. ಒಬ್ಬರ ಹಗಲು ಮುಗಿಯುವಾಗ ಇನ್ನೊಬ್ಬರ ಪಾಳಿ ಶುರು.

ನಿಜದಲ್ಲಾದರೆ ಆ ಗೂಬೆಗೆ ಆ ಇಲಿಗಳು ರಾತ್ರಿಯೂಟ. ಒಂದೇ ಸೂರಿನಡಿ ಇಬ್ಬರೂ ಬಾಡಿಗೆಗಿದ್ದಾರೆ ಅನ್ನುವುದನ್ನು ನಂಬಬೇಕಾದರೆ ಸ್ವಲ್ಪ ದೊಡ್ಡ ಮನಸ್ಸು ಬೇಕು. ಪಾರಿವಾಳದ ಸರಸವೂ ನನಗೆ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಮದುವೆ ಆಮಂತ್ರಣ ಪತ್ರಿಕೆಯ ಪಾರಿವಾಳಗಳು ಅವು. ಇಷ್ಟು ಬಿಟ್ಟರೆ ಪ್ರಾಣಿಗಳನ್ನು ಪ್ರಾಣಿಗಳಾಗೇ ಇರಲು ಬಿಟ್ಟಿದ್ದಾರೆ. ನಾಲ್ಕು ವರ್ಷ ಹಿಂದೆ ಇದೇ ಸ್ಟುಡಿಯೋ ಮೂರು ಹಂದಿಮರಿಗಳ ಕಾರ್ಟೂನು ಮಾಡಿ ಗೆದ್ದಿತ್ತು. ಆ ಹಂದಿಗಳಿಗೆ ಅಂಗಿ ಇತ್ತು, ಹಾಡಿತ್ತು, ಒಬ್ಬನ ಕೈಯಲ್ಲಿ ಪಿಟೀಲೂ ಇತ್ತು. ಇಲ್ಲಿ ಇಲಿ ಇಲಿಯೇ. ಸ್ಟುಡಿಯೋದವರು 1932ರಿಂದಲೇ ತಮ್ಮ ಚಿತ್ರಕಾರರಿಗೆ ಸಂಜೆ ಹೊತ್ತು ಕ್ಲಾಸು ನಡೆಸುತ್ತಿದ್ದರು. ಪ್ರಾಣಿಯ ಮೈ ಎಲ್ಲಿ ಬಾಗುತ್ತದೆ, ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಅಂತ ನೋಡಿ ನೋಡಿ ಬರೆದು ಕಲಿತ ಕೈಗಳು ಅವು. ಮಳೆ ಸೂರಿನಿಂದ ತಲೆ ಮೇಲೆ ಸೋರಿದಾಗ ಆ ಗೂಬೆ ಸಿಡುಕುವ ರೀತಿ ನೋಡಿ. ಮಾತಿಲ್ಲದೆ ಇದಕ್ಕಿಂತ ಚೆನ್ನಾಗಿ ಬೈಯಲು ಸಾಧ್ಯವಿಲ್ಲ.

ನನ್ನ ಲೆಕ್ಕದಲ್ಲಿ ಮಲ್ಟಿಪ್ಲೇನಿನ ದೊಡ್ಡ ಉಪಕಾರ ಜೇಡರ ಬಲೆಯ ಶಾಟಿನಲ್ಲಿ ಕಾಣುವುದಿಲ್ಲ, ಗಿರಣಿಯ ಒಳಗೆ ಕಾಣುತ್ತದೆ. ಚಪ್ಪಟೆ ಕಾರ್ಟೂನಿನಲ್ಲಿ ಇಲಿ ಚಿಕ್ಕದು ಅಂತ ಹೇಗೆ ತೋರಿಸುತ್ತೀರಿ? ಚಿಕ್ಕದಾಗಿ ಬರೆಯುತ್ತೀರಿ. ಅಷ್ಟೇ. ಅದು ಚಿಕ್ಕ ಚಿತ್ರವಾಯಿತೇ ಹೊರತು ಚಿಕ್ಕ ಪ್ರಾಣಿಯಾಗಲಿಲ್ಲ. ಗಿರಣಿಗೆ ಒಂದು ಹೊಟ್ಟೆ ಬಂದಾಗ, ತೊಲೆಯ ಹಿಂದೆ ತೊಲೆ, ಅದರ ಹಿಂದೆ ಕತ್ತಲು ಅಂತ ಆಳ ಬಂದಾಗ, ಆ ದೊಡ್ಡ ಖಾಲಿ ಜಾಗದಲ್ಲಿ ಒಂದು ಮುಷ್ಟಿ ಗೂಡು ಎಷ್ಟು ಚಿಕ್ಕದು ಅಂತ ನಮ್ಮ ಹೊಟ್ಟೆಗೇ ತಾಗುತ್ತದೆ. ದೊಡ್ಡ ದೇವಸ್ಥಾನದ ಪ್ರಾಕಾರದಲ್ಲಿ ಒಂದು ಹಣತೆ ನೋಡಿದ ಹಾಗೆ. ಎರಡಾಳು ಎತ್ತರದ ಯಂತ್ರ ಕಟ್ಟಿದ್ದು ಗೇಣುದ್ದ ಹಕ್ಕಿಯೊಂದು ಗೇಣುದ್ದವೇ ಕಾಣಲಿ ಅಂತ.

ಮಧ್ಯದಲ್ಲಿ ಒಂದು ಕಪ್ಪೆ ಕಛೇರಿ ಬರುತ್ತದೆ. ನನಗೆ ಇಡೀ ಚಿತ್ರದಲ್ಲಿ ಅತಿ ಖುಷಿ ಕೊಡುವ ಭಾಗ. ಕೊಳದಲ್ಲಿ ಒಂದು ಕಪ್ಪೆ ವಟರ್ ಅನ್ನುತ್ತದೆ. ಇನ್ನೊಂದು ಉತ್ತರ ಕೊಡುತ್ತದೆ. ಮೂರನೆಯದು ಸೇರುತ್ತದೆ. ಜೀರುಂಡೆ ಶ್ರುತಿ ಹಿಡಿಯುತ್ತದೆ, ಮಿಂಚುಹುಳಗಳು ಮಿಣುಕುತ್ತವೆ. ನೋಡನೋಡುತ್ತಿದ್ದಂತೆ ಕೊಳವೇ ಒಂದು ಮೇಳವಾಗಿಬಿಡುತ್ತದೆ. ಮಳೆಗಾಲದ ಮೊದಲ ರಾತ್ರಿ ಗದ್ದೆ ಬದಿಯ ಮನೆಯಲ್ಲಿ ಮಲಗಿದವರಿಗೆ ಈ ಮೇಳ ಹೊಸದಲ್ಲ.

ಇದರ ಹಿಂದೆಯೂ ಒಂದು ಲೆಕ್ಕ ಇದೆ. ಸೆಕೆಂಡಿಗೆ 24 ಫ್ರೇಮು ಅಂದೆವಲ್ಲ. ಪ್ರತಿ 12 ಫ್ರೇಮಿಗೆ ಒಂದು ತಾಳ ಹಾಕಿದರೆ ಸೆಕೆಂಡಿಗೆ ಎರಡು ತಾಳ, ನಿಮಿಷಕ್ಕೆ 120. ಪ್ರತಿ 8 ಫ್ರೇಮಿಗೆ ಹಾಕಿದರೆ ನಿಮಿಷಕ್ಕೆ 180, ಓಟ ಜೋರಾಯಿತು. ತಾಳವನ್ನು ಫ್ರೇಮಿನ ಲೆಕ್ಕಕ್ಕೆ ತಂದುಬಿಟ್ಟರೆ, ಕಪ್ಪೆಯ ಗಂಟಲು ಯಾವ ಚಿತ್ರದಲ್ಲಿ ಉಬ್ಬಬೇಕು ಅನ್ನುವುದು ಪಿಟೀಲಿನವನು ಕಮಾನು ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಈ ದಾರಿ ಹಾಕಿಕೊಟ್ಟವರಲ್ಲಿ ಇದೇ ನಿರ್ದೇಶಕ ಜಾಕ್ಸನ್ ಒಬ್ಬರು. 1928ರಲ್ಲಿ ಮಿಕ್ಕಿಯ ಮೊದಲ ಶಬ್ದಚಿತ್ರ ಮಾಡುವಾಗ ಚಿತ್ರಕ್ಕೂ ಸಂಗೀತಕ್ಕೂ ತಾಳೆ ಹಾಕುವುದು ಹೇಗೆ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಹೊಸದಾಗಿ ಸೇರಿದ್ದ ಜಾಕ್ಸನ್ ಅವರ ತಾಯಿ ಪಿಯಾನೋ ಟೀಚರು. ಮನೆಯಲ್ಲಿ ಟಕ್ ಟಕ್ ಅನ್ನುವ ಮೆಟ್ರೋನೋಮ್ ನೋಡಿ ಬೆಳೆದವರು. ಅದನ್ನಿಟ್ಟು ಲೆಕ್ಕ ಹಾಕಿ ತೋರಿಸಿದರು. ಮೌತ್ ಆರ್ಗನ್ನನ್ನೂ ಅವರೇ ನುಡಿಸಿದರು. ಒಂಬತ್ತು ವರ್ಷದ ಮೇಲೆ ಕೊಳದ ಕಪ್ಪೆಗಳಿಗೆ ತಾಳ ಹಾಕಿದವರೂ ಅವರೇ.

ಕಛೇರಿ ಮುಗಿಯುವುದು ಗಾಳಿಯಿಂದ. ಜೊಂಡು ಅಲ್ಲಾಡುತ್ತದೆ. ಕಪ್ಪೆಗಳು ಪುಳಕ್ ಅಂತ ನೀರಿಗೆ. ಇಲ್ಲಿಂದ ಮುಂದೆ ಚಿತ್ರದ ಮುಖ್ಯ ಪಾತ್ರ ಬಿರುಗಾಳಿ. ಗಾಳಿಯನ್ನು ಬರೆಯುವುದು ಹೇಗೆ? ಅದಕ್ಕೆ ರೂಪವಿಲ್ಲ. ಅದು ತಾಗಿದ್ದನ್ನೆಲ್ಲ ಬರೆಯಬೇಕು. ಹಾಗಾಗಿ ಪ್ರತಿ ಎಲೆ, ಪ್ರತಿ ಹುಲ್ಲು, ಬಡಿದುಕೊಳ್ಳುವ ಪ್ರತಿ ಹಲಗೆ ಬೇರೆ ಬೇರೆಯಾಗಿ ಅಲ್ಲಾಡುತ್ತದೆ. ಮಳೆ, ಮಿಂಚು, ನೀರಿನ ಅಲೆ, ನೆರಳು ಇಂಥದ್ದನ್ನೇ ಬರೆಯುವ ಎಫೆಕ್ಟ್ಸ್ ಅನಿಮೇಟರುಗಳ ಒಂದು ಗುಂಪೇ ಡಿಸ್ನಿಯಲ್ಲಿತ್ತು. ಸಿನಿಮಾದ ಹೆಸರುಪಟ್ಟಿ ಓದುವವರು ಕೂಡ ಇವರನ್ನು ಗಮನಿಸುವುದು ಕಡಿಮೆ. ಹಕ್ಕಿಯ ಕಣ್ಣು ಬರೆದವನಿಗೆ ಚಪ್ಪಾಳೆ, ಹಕ್ಕಿಯ ಮೇಲೆ ಬಿದ್ದ ಮಳೆಹನಿ ಬರೆದವನಿಗೆ ಏನೂ ಇಲ್ಲ. ಇದು ಅನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿದೆ.

ಹಾರ್ಲೈನ್ ಅವರ ಸಂಗೀತ ಇಲ್ಲಿ ಬುದ್ಧಿವಂತಿಕೆಯ ಕೆಲಸ ಮಾಡುತ್ತದೆ. ಮಾತಿಲ್ಲದ ಹೆಂಗಸರ ಕೋರಸ್ಸು ಗಾಳಿಯ ಜೊತೆ ಏರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಯಾವುದು ಗಾಳಿ, ಯಾವುದು ಗಂಟಲು ಅಂತ ಹೇಳಲು ಬರುವುದಿಲ್ಲ.

ಹಗ್ಗ ಹರಿಯುವ ಜಾಗಕ್ಕೆ ಬಂದಾಗ ಒಮ್ಮೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ. ಹಗ್ಗ ಒಂದೇ ಏಟಿಗೆ ಹರಿಯುವುದಿಲ್ಲ. ಬಿಗಿಯುತ್ತದೆ, ತಡೆಯುತ್ತದೆ. ನಮಗೆ ಗೂಡು ಎಲ್ಲಿದೆ ಅನ್ನುವುದು ಮೊದಲೇ ಗೊತ್ತು. ಹಕ್ಕಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ. ಭಯ ಹುಟ್ಟುವುದು ಈ ಸಂದಿಯಲ್ಲಿ. ಸಂಜೆಯ ಬೆಳಕಲ್ಲಿ ಗೂಡನ್ನು ಅಷ್ಟು ಮುದ್ದಾಗಿ, ಅಷ್ಟು ನಿಧಾನವಾಗಿ ತೋರಿಸಿದ್ದು ಸುಮ್ನೆ ಅಲ್ಲ. ಆಗ ನಾವು ಮುದ್ದು ಹಕ್ಕಿ ನೋಡಿದೆವು ಅಂದುಕೊಂಡಿದ್ದೆವು, ಅವರು ನಮಗೆ ಗುಳಿ ತೋರಿಸಿದ್ದರು.

ಚಕ್ರದ ಬಗ್ಗೆ ಒಂದು ಅಡ್ಡ ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಳೆಯ ಕಾಲದ ಗಿರಣಿ ಬಡಗಿಗಳು ಇದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಒಂದು ಚಕ್ರಕ್ಕೆ 48 ಹಲ್ಲು, ಇನ್ನೊಂದಕ್ಕೂ 48 ಗುಳಿ ಅಂದುಕೊಳ್ಳಿ. ಎರಡೂ ಸಮ. ಹಾಗಾಗಿ ಒಂದು ಗುಳಿಗೆ ಯಾವಾಗಲೂ ಅದೇ ಒಂದು ಹಲ್ಲು ಬರುತ್ತದೆ. ಒಂದು ಹಲ್ಲು ವಕ್ರವಾಗಿದ್ದರೆ ಅದೇ ಗುಳಿ ಸವೆದು ಸವೆದು ಹಾಳಾಗುತ್ತದೆ. ಇದನ್ನು ತಪ್ಪಿಸಲು ಜಾಣ ಬಡಗಿಗಳು ಒಂದು ಹಲ್ಲು ಜಾಸ್ತಿ ಹಾಕುತ್ತಿದ್ದರು. 48ರ ಬದಲು 49. ಆಗ ಪ್ರತಿ ಸುತ್ತಿಗೂ ಜೋಡಿ ಬದಲಾಗುತ್ತದೆ, ಪ್ರತಿ ಹಲ್ಲೂ ಒಂದಲ್ಲ ಒಂದು ಸಲ ಪ್ರತಿ ಗುಳಿಗೂ ಇಳಿಯುತ್ತದೆ, ಸವೆತ ಎಲ್ಲರಿಗೂ ಸಮ. ಈ ಹೆಚ್ಚುವರಿ ಹಲ್ಲಿಗೆ ಇಂಗ್ಲಿಷರು ಹಂಟಿಂಗ್ ಕಾಗ್, ಅಂದರೆ ಬೇಟೆಯಾಡುವ ಹಲ್ಲು ಅಂತಲೇ ಹೆಸರಿಟ್ಟಿದ್ದರು. ಚಿತ್ರದ ಗಿರಣಿ ಅಂಥ ಬಡಗಿಯ ಕೈಯಲ್ಲಿ ಆಗಿದ್ದರೆ, ಮುರಿದ ಹಲ್ಲು ಒಂದು ಸುತ್ತಿನಲ್ಲಿ ಹಕ್ಕಿಯನ್ನು ಉಳಿಸಿದರೂ ಮುಂದಿನ ಸುತ್ತಿನಲ್ಲಿ ಪಕ್ಕದ ಹಲ್ಲು ಬಂದು ಕೆಲಸ ಮುಗಿಸುತ್ತಿತ್ತು. ಹಕ್ಕಿ ಬದುಕಿದ್ದು ಹಲ್ಲು ಮುರಿದದ್ದರಿಂದ ಮಾತ್ರ ಅಲ್ಲ, ಗಿರಣಿ ಕಟ್ಟಿದವನು ಲೆಕ್ಕದಲ್ಲಿ ಸ್ವಲ್ಪ ದಡ್ಡನಾಗಿದ್ದರಿಂದ ಕೂಡ.

ಸಿಡಿಲು ಬಡಿಯುತ್ತದೆ. ಗಿರಣಿ ಒಂದು ಕಡೆ ವಾಲುತ್ತದೆ. ಬೆಳಗಾಗುತ್ತದೆ.

ಈ ಕಿರುಚಿತ್ರಕ್ಕೆ 1938ರ ಮಾರ್ಚಿನಲ್ಲಿ ನಡೆದ ಹತ್ತನೇ ಆಸ್ಕರ್ ಸಮಾರಂಭದಲ್ಲಿ ಕಾರ್ಟೂನು ವಿಭಾಗದ ಪ್ರಶಸ್ತಿ ಬಂತು. ಅದೇ ಸಮಾರಂಭದಲ್ಲಿ ಮಲ್ಟಿಪ್ಲೇನ್ ಕ್ಯಾಮೆರಾಕ್ಕೂ ಬೇರೆಯಾಗಿ ತಾಂತ್ರಿಕ ಪ್ರಶಸ್ತಿ. ಆ ಹೊತ್ತಿಗೆ 'ಸ್ನೋ ವೈಟ್' ತೆರೆಕಂಡು ಸುಮಾರು ಎರಡೂವರೆ ತಿಂಗಳಾಗಿತ್ತು. ಕಾರ್ಟೂನು ವಿಭಾಗದಲ್ಲಿ 1932ರಿಂದ 1939ರವರೆಗೆ ಎಂಟು ವರ್ಷ ಬಿಡದೆ ಡಿಸ್ನಿಯದ್ದೇ ರಾಜ್ಯಭಾರ. ಆಮೇಲೆ ಗಾಳಿ ತಿರುಗಿತು. 1941ರ ಮುಷ್ಕರದ ಹೊತ್ತಿಗೆ ಡಿಸ್ನಿಯಿಂದ ಹೊರಬಿದ್ದ ಕೆಲವರು ಬೇರೆ ಸ್ಟುಡಿಯೋ ಕಟ್ಟಿ, ಆಳವೂ ಬೇಡ, ನಿಜದ ಹಾಗೆ ಕಾಣುವುದೂ ಬೇಡ, ಚಿತ್ರ ಚಪ್ಪಟೆಯಾಗಿ ಚಿತ್ರದ ಹಾಗೇ ಇರಲಿ ಅಂದರು. ಅವರ ಮಾತಿನಲ್ಲೂ ಹುರುಳಿದೆ. ಆಳ ತೋರಿಸುವ ಚಪಲಕ್ಕೇ ಗಾಜು ಸರಿಸಿದ ದೃಶ್ಯಗಳು ಡಿಸ್ನಿಯಲ್ಲೂ ಬೇಕಾದಷ್ಟಿವೆ. ಈಗಂತೂ ಹಾಗೆ ಗಾಜು ಹಿಡಿದು ನಿಲ್ಲುವವರು ಬಹಳ ಅಪರೂಪ. ಕಂಪ್ಯೂಟರಿನಲ್ಲಿ ಎಷ್ಟು ಪದರ ಬೇಕಾದರೂ ಹಾಕಬಹುದು. ಫೋನಿನಲ್ಲಿ ಮಕ್ಕಳು ಆಡುವ ಓಡುವ ಗೇಮುಗಳಲ್ಲಿ ಹತ್ತಿರದ ಗಿಡ ಬೇಗ, ದೂರದ ಬೆಟ್ಟ ನಿಧಾನ ಸರಿಯುತ್ತವಲ್ಲ, ಅದು ಇದೇ ಪಾತ್ರೆ ಸ್ಟ್ಯಾಂಡಿನ ಮೊಮ್ಮಗ.

ಇದನ್ನು ಮೊದಲ ಸಲ ನೋಡುವವರಿಗೆ ನನ್ನದೊಂದು ಸಲಹೆ. ಫೋನಿನಲ್ಲಿ ಬೇಡ, ಇದ್ದುದರಲ್ಲಿ ದೊಡ್ಡ ಪರದೆಯಲ್ಲಿ, ದೀಪ ಆರಿಸಿ ನೋಡಿ. ಕತ್ತಲ ದೃಶ್ಯಗಳೇ ಜಾಸ್ತಿ, ಬೆಳಕಿದ್ದರೆ ಅರ್ಧ ಕಾಣುವುದಿಲ್ಲ. ಆಮೇಲೆ ಶಬ್ದ ಪೂರ್ತಿ ತೆಗೆದು ಇನ್ನೊಮ್ಮೆ ನೋಡಿ. ಆಗ ಕಣ್ಣು ಹಕ್ಕಿಯನ್ನು ಬಿಟ್ಟು ಅಂಚುಗಳಿಗೆ ಹೋಗುತ್ತದೆ. ಯಾವ ಪದರ ಎಷ್ಟು ಸರಿಯಿತು, ಯಾವುದು ಮಂಜಾಯಿತು ಅಂತ ಗೊತ್ತಾಗತೊಡಗುತ್ತದೆ. ಹದಿನೆಂಟು ನಿಮಿಷದ ಕೆಲಸ, ಅಷ್ಟೇ.

ಬೆಳಗಿನ ದೃಶ್ಯದಲ್ಲಿ ಬಾವಲಿಗಳು ವಾಪಸ್ಸು ಬಂದು ತೊಲೆಗೆ ನೇತುಬೀಳುತ್ತವೆ. ಮೊಟ್ಟೆ ಒಡೆದು ಮರಿಗಳು ಬಾಯಿ ತೆರೆದಿವೆ. ಅಪ್ಪ ಹಕ್ಕಿಗೆ ಈಗ ಬಿಡುವಿಲ್ಲ. ಬಾತುಗಳು ಸಾಲಾಗಿ ನೀರಿಗಿಳಿಯುತ್ತವೆ, ಹಸುಗಳು ಮೇಯಲು ಹೊರಡುತ್ತವೆ. ಕ್ಯಾಮೆರಾ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಗಿರಣಿ ಚಿಕ್ಕದಾಗುತ್ತದೆ, ಕೊಳ ಬರುತ್ತದೆ, ಕೊನೆಗೆ ಕಣ್ಣೆದುರಿಗೆ ಜೇಡರ ಬಲೆ. ಎಳೆಗಳ ಮೇಲೆಲ್ಲ ನೀರಿನ ಹನಿ.

"ಗಿರಣಿ ಸೊಟ್ಟ ಆಗಿದೆ" ಅಂದಳು ನನ್ನ ತಂಗಿಯ ಮಗಳು. ಹೌದು ಅಂದೆ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ಇನ್ನೊಂದು ಸಲ ಗಾಳಿ ಬಂದ್ರೆ?" ಅಂದಳು.

ಚಕ್ರ ಇನ್ನು ತಿರುಗಲ್ಲ ಬಿಡೇ ಅಂತ ಹೇಳಿದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಮತ್ತೆ ಮೊದಲಿಂದ ಹಾಕು ಅಂದಳು.